ಮೂರನೆಯದು

ಹಂಪನಕಟ್ಟೆಯಿಂದ ಕಾಲೇಜಿಗೆ ಏರುವ ರಸ್ತೆಯಲ್ಲಿ
ನಮ್ಮದೊಂದು ಅಂಗಡಿ ಉಂಟು, ಅಪ್ಪ ಹಾಕಿದ್ದು.
ಬಳಪ ಡಬ್ಬಿಗಟ್ಟಲೆ ಹೋಗುತ್ತಿದ್ದ ಕಾಲದಲ್ಲಿ
ನೆಲಕ್ಕೆ ಕೂತು ತುಂಡಾದವನ್ನು ಬೇರೆ ಮಾಡುವುದು ನನ್ನ ಕೆಲಸ:
ಇಡೀದಕ್ಕೆ ದರ, ತುಂಡು ಕೊಸರಿಗೆ.

ಎಪ್ಪತ್ತೊಂದರಲ್ಲಿ ಮದರಾಸಿನಿಂದ ಮೂರು ಸ್ಲೈಡ್ ರೂಲು ಬಂದವು.
ಎರಡನ್ನು ಸುರತ್ಕಲ್ಲಿನ ಇಂಜಿನಿಯರಿಂಗ್ ಹುಡುಗರು ಕೊಂಡು
ಜೇಬಿನಿಂದ ಅರ್ಧ ಹೊರಗೆ ಕಾಣುವಂತೆ ಸಿಕ್ಕಿಸಿಕೊಂಡು
ಬಸ್ಸು ಹತ್ತಿದರು.
ಮೂರನೆಯದು ನಾಳೆ ಹೋಗ್ತದೆ ಎಂದರು ಅಪ್ಪ.
ಆ ನಾಳೆಯೊಳಗೆ ಕ್ಯಾಲ್ಕುಲೇಟರ್ ಬಂತು.

ಮೊದಮೊದಲು ಅದಕ್ಕೂ ಬೀಗ.
ಕೈ ತೊಳೆದು ಬಂದವರಿಗೆ ಮಾತ್ರ ಮುಟ್ಟಲು ಬಿಡುತ್ತಿದ್ದರು.
ಈಗ ಶ್ಯಾಂಪೂ ಪೊಟ್ಟಣದ ಹಾಗೆ ದಾರಕ್ಕೆ ನೇತಾಡ್ತದೆ,
ಕೇಳುವವರಿಲ್ಲ. ಲೆಕ್ಕದ ಫೋಟೋ ಹೊಡೆದರೆ ಸಾಕಂತೆ,
ಉತ್ತರ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರ್ತದಂತೆ.
ಲಾಗ್ ಪುಸ್ತಕ ಒಂದು ಸಾಯಲಿಲ್ಲ ಮಾರಾಯ್ರೆ.
ಪರೀಕ್ಷೆಯ ಕೋಣೆಗೆ ಮೆಷಿನು ಬಿಡುವುದಿಲ್ಲವಲ್ಲ,
ಹಾಗಾಗಿ ವರ್ಷಕ್ಕೆ ಮುನ್ನೂರು ಪ್ರತಿ, ಬರೆದಿಟ್ಟಂತೆ.

ದೂರುವುದಲ್ಲ ನಾನು. ಬಿಲ್ಲು ನಾನೂ ಮೆಷಿನಿನಲ್ಲೇ ಮಾಡುವುದು.
ಮೊದಲು ಪೇಪರಿನ ಅಂಚಿನಲ್ಲಿ ಪೆನ್ಸಿಲಿನಿಂದ ಕೂಡಿಸುತ್ತೇನೆ,
ಮೆಷಿನು ಸರಿ ಹೇಳಿತೋ ನೋಡಲಿಕ್ಕೆ.

ಪಿಯುಸಿ ಫಲಿತಾಂಶದ ಮರುವಾರ ಒಬ್ಬಳು ಬಂದಳು,
ಬೆಂಗರೆಯವಳು, ಮಿಸ್ರಿಯಾ.
ಕಳೆದೆರಡು ವರ್ಷ ಲಾಗ್ ಪುಸ್ತಕಕ್ಕೆ, ಗ್ರಾಫ್ ಹಾಳೆಗೆ
ಫೆರಿ ಇಳಿದು ನಡೆದೇ ಬರುತ್ತಿದ್ದವಳು.
ಈ ಸಲ ಕೈಯಲ್ಲಿ ಡಿಗ್ರಿಯ ಅರ್ಜಿ.
“ಒಂದು ಪೆನ್ನು ಕೊಡಿ. ಇಲ್ಲೇ ತುಂಬಿಸ್ಲಿಕ್ಕೆ ಆಗ್ತದಾ?”
ನನ್ನ ಪೇಪರಿನ ಮೇಲೆಯೇ ಅರ್ಜಿ ಹರವಿದಳು.
ವಿಷಯಗಳಿಗೆ ಮೂರು ಮನೆ. ಎರಡು ತುಂಬಿತು.

ದಮ್ಮಾಮಿನ ಮಾವ ನರ್ಸಿಂಗ್ ಅಂದಿದ್ದಾನೆ.
ಧಕ್ಕೆಯಲ್ಲಿ ಮೀನಿನ ಬಾಕ್ಸ್ ಎಣಿಸುವ ಅಣ್ಣ, ಬಿಕಾಂ.
ಟೀಚರ್ ಮಾತ್ರ, ನಿನಗೆ ಯಾವುದಕ್ಕೆ ನಿದ್ದೆ ಬರುವುದಿಲ್ಲವೋ
ಅದು ತಗೋ ಅಂದರಂತೆ.
“ನೀವು ಎಂತ ತಗೊಂಡದ್ದು?”
ಬಿಕಾಂ, ಅಂದೆ.
“ಇಷ್ಟ ಇತ್ತಾ?”
ಅಂಗಡಿಗೆ ಇಷ್ಟ ಇತ್ತು.

ಪೆನ್ನು ಕಚ್ಚುತ್ತ ಕಪಾಟು ನೋಡಿದವಳ ಕಣ್ಣಿಗೆ ಅದು ಬಿತ್ತು.
ಬೀಗಕ್ಕೆ ಎಣ್ಣೆ ಬಿಟ್ಟು ತೆಗೆದೆ. ಉಪ್ಪುಗಾಳಿಗೆ
ನಡುವಿನ ಪಟ್ಟಿ ಕಚ್ಚಿ ಹಿಡಿದಿತ್ತು, ಮೆಲ್ಲ ಎಳೆದೆ.
ಎರಡರ ಮೇಲೆ ಒಂದು ನಿಲ್ಲಿಸಿ, ಮೂರರ ಕೆಳಗೆ ನೋಡು ಅಂದೆ.
ಆರು.
ಆರು ಬಂದದ್ದಕ್ಕೆ ಅವಳೇನೂ ಹಿಗ್ಗಲಿಲ್ಲ.
ಬೆರಳು ಒಂದರಿಂದ ಹತ್ತರವರೆಗೆ ಹೋಗಿ ವಾಪಸು ಬಂತು.
“ಒಂದು ಎರಡರ ನಡುವೆ ಇಷ್ಟು ಅಂಗಳ,
ಎಂಟು ಒಂಬತ್ತಕ್ಕೆ ಕಾಲಿಡ್ಲಿಕ್ಕೂ ಜಾಗ ಇಲ್ಲ.
ನಮ್ಮ ಬೆಂಗರೆಯೇ!
ಫೆರಿಯ ಹತ್ತಿರ ಗೋಡೆಗೆ ಗೋಡೆ,
ಆಚೆ ಹೋದ ಹಾಗೆ ಮರಳೇ ಮರಳು.”
ಸ್ವಲ್ಪ ಹೊತ್ತು ಸುಮ್ಮನಿದ್ದು,
“ಉದ್ದ ಕೂಡಿಸಿದ್ರೆ ಗುಣಿಸಿದ ಹಾಗೆ ಆಗ್ತದೆ, ಅಲ್ವಾ?
ಲಾಗ್ ಪುಸ್ತಕವನ್ನೇ ಕೋಲು ಮಾಡಿದ್ದಾರೆ.”

ಐವತ್ತು ವರ್ಷ ಅದನ್ನು ಒರೆಸಿ ಇಟ್ಟವನು ನಾನು.
ನನಗೆ ಹೊಳೆದಿರಲಿಲ್ಲ.

ಕ್ರಯ ಕೇಳಿದಳು. ಚೀಟಿಯ ಅಂಕೆ ಮಾಸಿ ಹೋಗಿತ್ತು.
ಇಟ್ಟುಕೋ ಅನ್ನಬೇಕು ಅಂದುಕೊಳ್ಳುವಷ್ಟರಲ್ಲಿ
ಫೆರಿಗೆ ಹೊತ್ತಾಯ್ತೆಂದು
ಅಂಗೈ ಅಡ್ಡ ಹಿಡಿದು ಮೂರನೆಯ ಮನೆಯಲ್ಲಿ ಏನೋ ಬರೆದಳು,
ಒತ್ತಿ ಒತ್ತಿ, ಹೊಡೆದು, ಮತ್ತೆ ಒತ್ತಿ.
ಪೆನ್ನಿನ ಹತ್ತು ರೂಪಾಯಿ ಇಟ್ಟು ಓಡಿದಳು.

ಕೆಳಗಿದ್ದ ಪೇಪರಿನ ಮೇಲೆ ಆ ಅಕ್ಷರದ ಗುಳಿ ಮೂಡಿದೆ.
ಪೆನ್ಸಿಲು ಅಡ್ಡ ಹಿಡಿದು ತಿಕ್ಕಿದರೆ ಓದಲು ಬಂದೀತು.

ಅಷ್ಟರಲ್ಲಿ ಯಾರೋ ಬಂದರು, ಎರಡು ಡಜನ್ ನೋಟ್ ಪುಸ್ತಕ,
ಅಂಟು, ಒಂದು ಕಂಪಾಸು.
ಆ ಜಾಗ ಬಿಟ್ಟು
ಬದಿಯಲ್ಲಿ ಕೂಡಿಸಿದೆ.